ಚುಕ್ಕಿ ಕೂಡಿಸಿದ ಪೆನ್ಸಿಲ್ ಗೆರೆ

ಮೊನ್ನೆ ರಜೆಗೆ ಬಂದಾಗ ನನ್ನ ಹಳೆಯ ಕುಂಕುಮದ ಡಬ್ಬಿಯನ್ನು ತೆರೆದಿರಿ. ಅದರಲ್ಲಿ ಕುಂಕುಮ ಇರಲಿಲ್ಲ. ಅಂಗೈಗಿಂತ ಚಿಕ್ಕದಾದ, ಕೆಳಗೆ ನೂರಾರು ಸಣ್ಣ ಮುಳ್ಳುಗಳಿರುವ ಒಂದು ಚೌಕದ ಬಿಲ್ಲೆ ಇತ್ತು. "ಆಯಿ, ಇದು ಹಳೇ ಪ್ರೊಸೆಸರ್. ಭಾಳ ಹೊಲಸಾಗ್ಯದ" ಎಂದು ಕಿರಿಯಳು ರಬ್ಬರಿನಿಂದ ತಿಕ್ಕಿ ಸ್ವಚ್ಛ ಮಾಡಿ ಕೈಗಿಟ್ಟಳು. ನಾನು ಎದ್ದು ಅಡುಗೆಮನೆಗೆ ಹೋದೆ. "ಸಿಟ್ಟು ಬಂತೇನ ಆಯಿ?" ಎಂದು ಕೇಳಿದಿರಿ. ಸಿಟ್ಟಲ್ಲ ಮೊಮ್ಮಕ್ಕಳೇ... ಅವಳು ತಿಕ್ಕಿ ತೆಗೆದದ್ದು ಹೊಲಸಲ್ಲ, ಪೆನ್ಸಿಲ್ ಗೆರೆ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ವಾಡಿಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟಿದ್ದರು. ಅರ್ಜಿ, ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಮಾಡುತ್ತಿದ್ದರು. ದಂಡೋತಿಯ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ಅವರ ಪಕ್ಕದಲ್ಲಿ ಕೂತು ಟೈಪ್ ಮಾಡುವುದನ್ನು ಕಲಿತಿದ್ದೆ. ಅವರು ತೀರಿಕೊಂಡ ಮೇಲೆ ಅಂಗಡಿಯನ್ನು ನಾನೇ ನಡೆಸಿದೆ, ಆದರೆ ರಸ್ತೆಗೆ ಬೆನ್ನು ಹಾಕಿ. ಗಿರಾಕಿಗಳು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕಾಗದ ಇಟ್ಟು ಹೋಗುತ್ತಿದ್ದರು. ನನ್ನ ಮುಖ ನೋಡಿದವರು ಕಡಿಮೆ.

ನಮ್ಮ ಜಿಲ್ಲೆಯದೇ ಮುಧೋಳದಲ್ಲಿದ್ದ ಭಾವನವರು, ಅಂದರೆ ಅಜ್ಜನ ಅಣ್ಣ, ಬಂದಾಗಲೆಲ್ಲ ಅದೇ ಮಾತು ಆಡುತ್ತಿದ್ದರು. "ಹೆಣ್ಮಗಳು ಒಬ್ಬಾಕಿ ಅಂಗಡ್ಯಾಗ ಕುಂದ್ರೂದು ಛಂದ ಕಾಣಂಗಿಲ್ಲ. ಮಷೀನ್ ಮಾರಿ ನಮ್ಮ ಮನಿಗೆ ನಡಿ." ಬಾಗಿಲಿಗೆ ರಂಗೋಲಿ ಹಾಕುವುದನ್ನೂ ಅವರ ಮನೆಯವರೇ ನಿಲ್ಲಿಸಿದ್ದರು. ಗಂಡನಿಲ್ಲದವಳು ಹಾಕಬಾರದಂತೆ. ನಿಮ್ಮ ಅವ್ವ ಆಗ ಹೈಸ್ಕೂಲಿನಲ್ಲಿದ್ದಳು. ಆ ಮನೆಗೆ ಹೋದರೆ ಅವಳ ಓದು ಅಲ್ಲಿಗೆ ನಿಂತಂತೆಯೇ. ಅದೊಂದು ನನಗೆ ಚೆನ್ನಾಗಿ ಗೊತ್ತಿತ್ತು.

ವಾಡಿ ಸಿಮೆಂಟ್ ಕಾರ್ಖಾನೆಯ ಊರು, ನಮ್ಮ ಮನೆಯಲ್ಲಿ ಬಿಳಿಯದೆಲ್ಲ ಸಿಮೆಂಟಿನ ಧೂಳು. ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನ ಮತ್ತೆ ಒರೆಸಬೇಕು. ಒಂದು ದಿನ ಕಂಪ್ಯೂಟರ್ ಪದೇ ಪದೇ ನಿಲ್ಲತೊಡಗಿತು. ಅಜ್ಜ ಮಾಡುತ್ತಿದ್ದಂತೆ ಡಬ್ಬದ ಬಾಗಿಲು ಬಿಚ್ಚಿ ಕುಂಚದಿಂದ ಧೂಳು ತೆಗೆದೆ. ಫ್ಯಾನು ಎತ್ತಿದರೆ ಅದರ ಕೆಳಗೂ ಬೆಳ್ಳಗೆ! ಸೆರಗಿನಿಂದ ಹೊಳೆಯುವ ತನಕ ಒರೆಸಿ, ಮೊದಲಿನಂತೆ ಜೋಡಿಸಿ ಸ್ವಿಚ್ ಒತ್ತಿದೆ. ಸುಟ್ಟ ವಾಸನೆ ಬಂತು. ಅಷ್ಟೇ.

ಸುದ್ದಿ ಮುಧೋಳಕ್ಕೆ ಮುಟ್ಟಲು ತಡವಾಗಲಿಲ್ಲ. ಭಾನುವಾರ ಟೆಂಪೋ ತರುತ್ತೇನೆ, ಸಾಮಾನು ಕಟ್ಟಿಡು ಎಂದು ಭಾವನವರು ಫೋನ್ ಮಾಡಿದರು.

ಅದೇ ಸಂಜೆ ಸುದ್ದಿ ಕೇಳಿ ಹಿಂದಿನ ಓಣಿಯ ಅಕ್ಕೋರು ಬಂದರು. ಶಹಾಬಾದಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ದೊಡ್ಡ ದನಿ. ಇಡೀ ಓಣಿ ಅವರಿಗೆ ಅಂಜುತ್ತಿತ್ತು, ನಾನಂತೂ ಹೆಚ್ಚು. ಡಬ್ಬದೊಳಗೆ ಬಗ್ಗಿ ನೋಡಿ ಕೇಳಿದರು.

"ಏನ ಒರಸಿದಿ ತಂಗಿ?"

"ಧೂಳರಿ ಅಕ್ಕೋರೆ. ಬೆಳ್ಳಗಿತ್ತು."

ಅವರು ಹೊಟ್ಟೆ ಹಿಡಿದು ನಕ್ಕರು. "ಅಯ್ಯ, ಅದು ಮುಲಾಮು! ಪ್ರೊಸೆಸರ್ ಚಿಪ್ಪಿನ ಬಿಸಿ ಎಳದು ಫ್ಯಾನಿಗೆ ಮುಟ್ಟಸೂದು ಅದಾ. ವಾಡಿ ಹೆಣ್ಮಗಳು ನೀ, ಬೆಳ್ಳಗಿದ್ದದ್ದು ಕಂಡ್ರ ಬಿಡ್ತಿ ಏನ?"

ಅಳುತ್ತಿದ್ದ ನನಗೂ ನಗು ಬಂತು. ಅಜ್ಜ ಹೋದ ಮೇಲೆ ಅದೇ ಮೊದಲ ಸಲ ಇರಬೇಕು...

ಶನಿವಾರ ಅವರು ತಮ್ಮ ಸ್ವಂತ ಕಂಪ್ಯೂಟರಿನಿಂದ ಬಿಚ್ಚಿ ಪಕ್ಕಕ್ಕಿಟ್ಟಿದ್ದ ಒಂದು ಚಿಪ್ಪು, ಅಂದರೆ ನೀವು ಡಬ್ಬಿಯಲ್ಲಿ ಕಂಡ ಆ ಬಿಲ್ಲೆ, ತಂದರು. ಸುಟ್ಟುಹೋದದ್ದಕ್ಕಿಂತ ಇದು ಜೋರಿನದು. ಆದರೆ ಚಿಪ್ಪು ಕೂರುವ ನಮ್ಮ ಹಳೆಯ ಬೋರ್ಡಿನ ತಾಳ ನಿಧಾನ. ಇದನ್ನೂ ಅದು ತನ್ನಂತೆ ನಿಧಾನವಾಗಿಯೇ ನಡೆಸುತ್ತದೆ. ಒಂದೊಂದು ತಾಳಕ್ಕೆ ಚಿಪ್ಪಿನಿಂದ ಹೆಚ್ಚು ಹೆಜ್ಜೆ ಹಾಕಿಸಿ ವೇಗ ಏರಿಸಬಹುದಿತ್ತು, ಆದರೆ ಯಾರೂ ಹಾಗೆ ಮಾಡದಿರಲೆಂದು ತಯಾರಿಸಿದವರೇ ಚಿಪ್ಪಿನ ಮೇಲಿನ ನಾಲ್ಕು ಸಣ್ಣ ಗೆರೆಗಳನ್ನು ನಡುವೆ ಕಡಿದಿದ್ದರು. ಗೆರೆ ಹೋಗಿ ಎದುರುಬದುರು ಚುಕ್ಕಿಗಳು ಮಾತ್ರ ಉಳಿದಿದ್ದವು. ಪೆನ್ಸಿಲಿನ ಸೀಸದಿಂದ ಕೂಡಿಸಿದರೆ ಸಾಕು, ಕರೆಂಟು ಹರಿಯುತ್ತದೆ. ಪಕ್ಕದ ಚುಕ್ಕಿಗೆ ಮಾತ್ರ ಗೆರೆ ತಾಗಬಾರದು.

ನಿಮ್ಮ ಅವ್ವನ ಕಂಪಾಸು ಪೆಟ್ಟಿಗೆಯಿಂದ ಪೆನ್ಸಿಲ್ ತೆಗೆದು, ಸೂಜಿಯಂತೆ ಮೊನೆ ಮಾಡಿ, ಅಕ್ಕೋರು ಅದನ್ನು ನನ್ನ ಕೈಗಿಟ್ಟರು.

"ನೀ ಎಳಿ."

"ನಾನಾ? ಸುಟ್ಟಾಕಿನೇ ನಾನು."

"ಅದಕ್ಕಾ ನೀನಾ ಎಳೀಬೇಕು. ರಂಗೋಲಿ ಚುಕ್ಕಿ ಕೂಡಿಸಿದ ಕೈ ಅಲ್ಲೇನು?"

"ಅದು ಬಿಟ್ಟು ಎರಡು ವರ್ಷಾತ್ರಿ. ಮ್ಯಾಲ, ಕಂಪನಿಯವರು ಕಡದದ್ದು ನಾವು ಕೂಡಸಬಹುದೇನ್ರಿ?"

"ಕಡದವರು ನಿನ್ನ ಕೇಳಿ ಕಡದಾರೇನ?"

ಆ ಮಾತು ಚಿಪ್ಪಿಗಷ್ಟೇ ಹೇಳಿದ್ದೋ ಏನೋ, ನಾನು ಕೇಳಲಿಲ್ಲ. ಉಸಿರು ಹಿಡಿದು ನಾಲ್ಕು ಗೆರೆ ಎಳೆದೆ. ಮುಲಾಮನ್ನೂ ನಾನೇ ಹಚ್ಚಿದೆ. ಬೋರ್ಡಿನ ಮೇಲಿನ ಸಣ್ಣ ಗುಂಡಿಗಳನ್ನು ಹೊರಳಿಸಿ ಅವರು ವೇಗ ಏರಿಸಿದರು. ಮೊದಲ ಸಲ ಪರದೆ ಕಪ್ಪಾಗಿಯೇ ಉಳಿಯಿತು. ಆರಿಸಲು ನಾನು ಸ್ವಿಚ್ಚಿಗೆ ಕೈಚಾಚಿದೆ. "ಗಾಬರಿ ಆಗಬ್ಯಾಡ, ಆಸಿ ಜಾಸ್ತಿ ಆತು" ಎಂದು ಅವರು ಒಂದು ಮೆಟ್ಟಿಲು ಇಳಿಸಿದರು. ಫ್ಯಾನು ತಿರುಗಿತು, ಪರದೆ ಬೆಳಗಿತು. ಚಹಾ ಕುದಿಯುವಷ್ಟು ಹೊತ್ತು ಕಾಯಿಸುತ್ತಿದ್ದ ಲಗ್ನಪತ್ರಿಕೆಯ ಪುಟ ಕೂಡಲೇ ತೆರೆಯಿತು.

ಭಾನುವಾರ ಬೆಳಿಗ್ಗೆ ಎದ್ದು ಬಾಗಿಲು ಸಾರಿಸಿ ಚುಕ್ಕಿ ಇಟ್ಟೆ. ಯಾರನ್ನೂ ಕೇಳಲಿಲ್ಲ. ಕೂಡಿಸಿದೆ.

ಟೆಂಪೋ ಇಳಿದ ಭಾವನವರು ರಂಗೋಲಿಯ ಆಚೆಯೇ ನಿಂತರು.

"ಇದ್ಯಾರು ಹಾಕಿದ್ದು?"

"ನಾನಾ ಹಾಕೀನ್ರಿ."

"ಮಷೀನ್ ಸುಟ್ಟದಂತಲ್ಲ?"

"ಬ್ಯಾರೆ ಚಿಪ್ಪು ಹಾಕೀನ್ರಿ. ಮೊದಲಿಗಿಂತ ಜೋರು ಓಡಾಕತ್ತದ." ಬಾಗಿಲ ಚೌಕಟ್ಟು ಹಿಡಿದು ಮಾತು ಮುಗಿಸಿದೆ. "ನಾ ಬರಂಗಿಲ್ರಿ ಭಾವಾ. ಮಗಳ ಸಾಲಿ ಅದ."

ಅವರು ಏನೇನೋ ಅಂದರು. ಮನೆತನದ ಮರ್ಯಾದೆ, ಜನ, ನಾಳೆ ಕಷ್ಟ ಬಂದರೆ ತಮ್ಮ ಬಾಗಿಲಿಗೆ ಬರಬಾರದು ಎಂಬುದು... ನಾನು ತಲೆ ಬಗ್ಗಿಸಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಸುಮ್ಮನೆ ಕೂತು ಚಹಾ ಕುಡಿಯುತ್ತಿದ್ದ ಅಕ್ಕೋರು ಆಗ ಬಾಯಿ ಬಿಟ್ಟರು. "ಅಣ್ಣಾರ, ಟೆಂಪೋ ಖಾಲಿ ಹೊಂಟದಲ್ರೀ. ಸ್ಟೇಷನ್ ತನಕ ನನ್ನನ್ನರೆ ಬಿಡ್ರಿ."

ಭಾವನವರು ಬಿಟ್ಟರೋ ಇಲ್ಲವೋ, ಈಗ ನೆನಪಾಗುತ್ತಿಲ್ಲ. ಮರುದಿನ ನಾನು ಮೇಜನ್ನು ತಿರುಗಿಸಿ ರಸ್ತೆಗೆ ಮುಖ ಮಾಡಿ ಕೂತದ್ದು ನೆನಪಿದೆ. ಆ ಚಿಪ್ಪು, ನಿಮ್ಮ ಅವ್ವ ಡಿಗ್ರಿ ಮುಗಿಸುವ ತನಕ ಓಡಿತು.

ಅಕ್ಕೋರಿಗೆ ಚಿಂಚೋಳಿಗೆ ವರ್ಗವಾಯಿತು. ಹೋಗುವ ದಿನ ಏನೋ ಹೇಳಬೇಕೆಂದು ಸ್ಟೇಷನ್ನಿಗೆ ಹೋದೆ. ಅವರ ಚೀಲ ಹಿಡಿದುಕೊಂಡು ನಿಂತೆ, ರೈಲು ಬಂತು, ಚೀಲ ಕೊಟ್ಟು ಬಂದೆ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಹೇಳಬೇಕಾದ ಮಾತು ಹಾಗೇ ಉಳಿಯಿತು.

ನೀವು ನಿಮ್ಮೂರಿಗೆ ಹೋದ ಮೇಲೆ ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಂದು ಗೆರೆಯೂ ಉಳಿದಿರಲಿಲ್ಲ. ಕಿರಿಯಳನ್ನು ಬೈಯಬೇಡಿ. ಧೂಳೆಂದು ಮುಲಾಮು ಒರೆಸಿದವಳ ಮೊಮ್ಮಗಳು ಅವಳು. ಕನ್ನಡಕ ಹಾಕಿಕೊಂಡು, ಪೆನ್ಸಿಲಿಗೆ ಮೊನೆ ಮಾಡಿ ಕೂತೆ. ಈಗ ಮೊದಲಿನ ಹಿಡಿತ ಇಲ್ಲ. ಎರಡನೆಯ ಗೆರೆ ಪಕ್ಕದ ಚುಕ್ಕಿಗೆ ತಾಗಿತು. ಅಳಿಸಿ ಎಳೆದೆ. ಮತ್ತೆ ತಾಗಿತು.

ಮತ್ತೆ ಅಳಿಸಿ, ಎಳೆದೆ. ನಾಲ್ಕೂ ಕೂಡಿವೆ. ಇನ್ನು ಅದನ್ನು ಯಾರೂ ಸ್ವಚ್ಛ ಮಾಡಬೇಡಿ.