ಹಂದಿಯ ಕೋರೆಗೊಂದು ತೂತು

ನಿನ್ನೆ ಡಾಕ್ಟರು ನನ್ನ ಹಲ್ಲು ಕೊರೆದಾಗ ಎದ್ದ ಸುಟ್ಟ ವಾಸನೆಗೆ, ಅಪ್ಪ ದುಡಿಯುತ್ತಿದ್ದ ಪೀಣ್ಯದ ಶೆಡ್ಡು ನೆನಪಾಯಿತು.

ಶೆಡ್ಡಿನ ಹಿಂದೆಯೇ ನಮ್ಮ ಕೋಣೆ. ತಗಡು ಒತ್ತುವ ಪ್ರೆಸ್ ಮೆಷಿನ್ ಬಡಿದಾಗಲೆಲ್ಲ ಎಳೆಯ ತಂಗಿ ಬೆಚ್ಚಿ ಅಳುತ್ತಿದ್ದಳು. ಹೆದರಿಕೆ ಹೋಗಲೆಂದು ಅವಳ ಕೊರಳಿಗೆ ಕಟ್ಟಲು ಅಜ್ಜಿ ಊರಿನಿಂದ ಹಳೆಯ ಕಾಡುಹಂದಿಯ ಕೋರೆ ತಂದಳು. ದಾರ ಪೋಣಿಸಲು ತೂತು ಬೇಕಿತ್ತು. ಅಪ್ಪ ಕೋರೆಯನ್ನು ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸಿ ಎಣ್ಣೆಯ ಡಬ್ಬಿ ಎತ್ತಿಕೊಂಡ.

"ಆ ಕರಿ ಎಣ್ಣಿ ಬ್ಯಾಡೋ, ಕೂಸು ಬಾಯಾಗ ಇಟ್ಕೋತದ!" ಎಂದಳು ಅಜ್ಜಿ.

"ಎಣ್ಣಿ ಬಿಡದಿದ್ರ ಕಾದು ಸೀಳ್ತದವ್ವ. ಇರೋದು ಒಂದ."

"ಹಂಗಾರ ಹಾಲು ಬಿಡು."

ಅಪ್ಪ ನಕ್ಕ. ಅಜ್ಜಿ ನಗದೆ ತಂಗಿಯ ಬಾಟಲಿಯಿಂದಲೇ ಕೊರೆಯುವ ಜಾಗಕ್ಕೆ ಹನಿಹನಿಯಾಗಿ ಹಾಲು ಬಿಟ್ಟಳು. ಇಂಥದೇ ಸುಟ್ಟ ವಾಸನೆ ಎದ್ದಿತು, ಆದರೆ ಕೋರೆ ಸೀಳಲಿಲ್ಲ.

ಮರುದಿನ ಪ್ರೆಸ್ ಬಡಿದಾಗ ತಂಗಿ ಕೋರೆ ಚೀಪುತ್ತ ಆ ಸದ್ದಿನ ಕಡೆಗೇ ತಿರುಗಿದಳು. ಈಗ ಅವಳೇ ಅಂಥದೊಂದು ಪ್ರೆಸ್ ನಡೆಸುತ್ತಾಳೆ.