ಹಳದಿ ಕಾರ್ಡು

ಪ್ರಿಂಟರಿನ ಕರ್ರೆನ್ನುವ ಸದ್ದು ಕೇಳಿದರೆ ಈಗಲೂ ಕೈಲಿದ್ದ ಕೆಲಸ ನಿಲ್ಲಿಸುತ್ತೇನೆ. ಯಾರ ಹೆಸರು ಬರುತ್ತದೋ ಎಂದು ಕಾಗದದ ಕಡೆ ನೋಡುತ್ತೇನೆ.

ತೆಲುಗು ಸೀಮೆಯ ಬಾಲಾನಗರದ ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂದ ವರ್ಷ ನನಗೆ ಕೊಂಬು ಮೂಡಿತ್ತು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ. ಖರ್ಚಿನ ಲೆಕ್ಕ ನನ್ನದು. ಒಂದೊಂದು ಆರ್ಡರಿಗೂ ಒಂದೊಂದು ಜಾಬ್ ನಂಬರು. ಯಾವ ಜಾಬಿಗೆ ಎಷ್ಟು ತಾಸು ದುಡಿದೆವೆಂದು ಎಲ್ಲರೂ ಸಂಜೆ ಕಾರ್ಡಿನಲ್ಲಿ ಬರೆದುಕೊಡುತ್ತಿದ್ದರು. ಯಾವ ಜಾಬಿಗೂ ಸೇರದ ತಾಸುಗಳಿಗೆ ಹಳದಿ ಕಾರ್ಡು. ಆ ಖರ್ಚನ್ನು ನಾನು ಎಲ್ಲ ಜಾಬಿಗೂ ಹಂಚುತ್ತಿದ್ದೆ.

ಹಳದಿ ಕಾರ್ಡು ಹೆಚ್ಚು ತುಂಬುತ್ತಿದ್ದವರು ಗದಗಿನ ಕಡೆಯ ಹಿರಿಯ ಟರ್ನರ್, ಕಬ್ಬಿಣ ಕಡೆಯುವ ಲೇಥ್ ಯಂತ್ರದವರು. ನಾನು ಕಾಕಾ ಎನ್ನುತ್ತಿದ್ದೆ. ಅಲ್ಲಿ ಕನ್ನಡದವರು ನಾವಿಬ್ಬರೇ. ಯಾರದೋ ಲೇಥ್ ನಡುಗಿದರೆ ಕಾಕಾ, ಹೊಸಬರಿಗೆ ಟೂಲ್ ಮಸೆಯುವುದನ್ನು ಕಲಿಸಲು ಕಾಕಾ, ಅಳತೆ ತಪ್ಪಿದ ಶಾಫ್ಟು ಉಳಿಸಲೂ ಕಾಕಾ.

ಸಾಫ್ಟ್‌ವೇರ್ ಹಾಕಲು ಬಂದವನು ಕೇಳಿದ: ಎಲ್ಲ ತಾಸನ್ನೂ ಜಾಬಿಗೇ ಕಟ್ಟಬೇಕೋ, ಹಳದಿ ಕಾರ್ಡಿನ ತಾಸಿಗೆ ಸಾಮಾನ್ಯ ಖಾತೆಯೂ ಒಂದಿರಲೋ? ಮಾಲೀಕರು ನನ್ನತ್ತ ನೋಡಿದರು. ಸಾಮಾನ್ಯ ಖಾತೆ ಬೇಡ, ಮೈಗಳ್ಳರು ಅದರೊಳಗೇ ಅಡಗುತ್ತಾರೆ ಎಂದೆ. ಜಾಬ್ ಇಲ್ಲದವರ ಹೆಸರಿನ ಮುಂದೆ ‘ಖಾಲಿ’ ಎಂದು ಬೀಳಲಿ ಎಂದವಳೂ ನಾನೇ.

ಸುದ್ದಿ ತಿಳಿದು ಮಧ್ಯಾಹ್ನವೇ ಕಾಕಾ ಊಟದ ಡಬ್ಬಿ ಹಿಡಿದೇ ನನ್ನ ಮೇಜಿಗೆ ಬಂದರು.

“ತಂಗಿ, ಹಳದಿ ಕಾರ್ಡ್ ತಗೀಬ್ಯಾಡವ್ವಾ. ರಿಟೈರ್ ಆಗಾಕ ಇನ್ನ ಎರಡ ವರ್ಷ ಐತಿ. ನಾ ಸುಮ್ಮನ ಕುಂತಂಗ ಕಾಣತೈತಿ.”

“ಅದಕ್ಯಾಕ ಅಷ್ಟ ಚಿಂತಿ ಮಾಡ್ತೀರಿ ಕಾಕಾ? ಯಾವದರ ಒಂದ ಜಾಬ್ ನಂಬರ್ ಗೀಚಿಬಿಡ್ರಿ. ಎಲ್ಲಾರೂ ಹಂಗ ಮಾಡ್ತಾರ.”

“ಮಾಡದ ಕೆಲಸದ ನಂಬರ್ ಹೆಂಗ ಬರೀಲಿ? ಆ ಜಾಬಿನ ಖರ್ಚು ಸುಳ್ಳಾಗತೈತಲ್ಲ. ನಿನ್ನ ಲೆಕ್ಕ ಕೆಡತೈತಿ.”

ನನಗೆ ನಾಚಿಕೆಯಾಗಬೇಕಿತ್ತು. ಸಿಟ್ಟು ಬಂತು. ನನಗೇ ಲೆಕ್ಕ ಕಲಿಸಲು ಬಂದರಲ್ಲ ಎಂದುಕೊಂಡೆ.

ಮೊದಲ ತಿಂಗಳ ಪಟ್ಟಿ ಬಂತು. ಉಳಿದವರೆಲ್ಲ ಸುಳ್ಳು ನಂಬರ್ ಬರೆದು ಪಾರಾಗಿದ್ದರು. ಕಾಕಾನ ಹೆಸರಿನ ಮುಂದೆ ಸಾಲುಸಾಲು ಖಾಲಿ. ಮಾಲೀಕರು ಅಲ್ಲೇ ಬೆರಳಿಟ್ಟು, “ಯೇ ಆದ್ಮಿ ದಿನ್ ಭರ್ ಕರ್ತಾ ಕ್ಯಾ ಹೈ?” ಎಂದರು. ಅವರು ದಿನವಿಡೀ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಹೇಳಿದರೆ ನನ್ನ ಆಯ್ಕೆಯೇ ತಪ್ಪೆಂದು ಒಪ್ಪಬೇಕಿತ್ತು. ಥೂ, ಆ ಹೊತ್ತಿಗೆ ನನ್ನ ಬಾಯಿಗೇನು ಬಡಿದಿತ್ತೋ! ಪಟ್ಟಿ ಮಡಚಿ ಫೈಲಿಗೆ ಸೇರಿಸಿದೆ.

ವಾರದೊಳಗೆ ಅವರನ್ನು ಮನೆಗೆ ಕಳಿಸಿದರು. ಹೊರಡುವ ಮುಂಚೆ ಬಂದು “ಬರ್ತೀನವ್ವಾ” ಎಂದರು. ನಾನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

ಎರಡು ತಿಂಗಳಲ್ಲಿ ಕೆಟ್ಟ ಮಾಲು ಗೋಡೆಬದಿ ರಾಶಿ ಬಿತ್ತು. ಲೇಥ್ ನಡುಗಿದಾಗಲೆಲ್ಲ ಎಲ್ಲರೂ ಕಾಕಾ ನಿಲ್ಲುತ್ತಿದ್ದ ಮೂಲೆಯನ್ನು ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಕೊನೆಗೆ ಮಾಲೀಕರ ಮುಂದೆ ಎಲ್ಲ ಒಪ್ಪಿಕೊಂಡು ಸಾಮಾನ್ಯ ಖಾತೆ ತೆರೆಸಿದೆ. ಕಾಕಾನನ್ನು ಕರೆತರಲು ಮನೆಗೆ ಹೋದರೆ ಬೀಗ. ಊರು ಬಿಟ್ಟರೆಂದು ಪಕ್ಕದ ಮನೆಯವರು ಹೇಳಿದರು.

ಅವರ ಹೆಸರನ್ನಾದರೂ ಪಟ್ಟಿಯಿಂದ ತೆಗೆಯೋಣವೆಂದರೆ, ಒಮ್ಮೆ ತಾಸು ಬರೆದವರ ಹೆಸರನ್ನು ಅಳಿಸಲು ಆ ಸಾಫ್ಟ್‌ವೇರ್ ಬಿಡಲಿಲ್ಲ. ಆಮೇಲೆ ಒಂಬತ್ತು ವರ್ಷ ನಾನು ಅಲ್ಲೇ ಇದ್ದೆ. ಪ್ರತಿ ತಿಂಗಳೂ ಪ್ರಿಂಟರಿನಿಂದ ಕಾಕಾನ ಹೆಸರು ಹೊರಗೆ ಬರುತ್ತಿತ್ತು. ಅದರ ಮುಂದೆ ನಾನು ಬರೆಸಿದ ಮಾತು: ಖಾಲಿ.