ವಾರಕ್ಕೊಂದೋ, ದಿನಕ್ಕೊಂದೋ

“ನಿಮ್ಮ ತಂಗಿಗೇ ಹಿಂಗಾಗಿದ್ರೆ ಏನ್ ಮಾಡ್ತಿದ್ರಿ ಸಾರ್?” ಎಂದು ನನ್ನ ಗಂಡ ಡಾಕ್ಟರನ್ನು ಕೇಳಿದರು.

“ನಂಗೆ ತಂಗಿ ಇಲ್ಲ,” ಎಂದರು ಡಾಕ್ಟರು. ಆಮೇಲೆ ಅವರು ನಕ್ಕರು ಎಂದು ನನ್ನ ನೆನಪು. ಗಂಡನ ಪ್ರಕಾರ ನಕ್ಕಿದ್ದು ನಾನು. ಇರಬಹುದು. ಆ ದಿನಗಳಲ್ಲಿ ಎಲ್ಲರ ಮುಖವೂ ನನಗೆ ಎರಡೆರಡು. ಯಾವ ಬಾಯಿ ನಕ್ಕಿತೆಂದು ಹೇಳುವುದು ಕಷ್ಟ.

ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಗಂಡ, ಅತ್ತೆ, ನಾನು. ಮದುವೆ ಇನ್ನೂ ಹೊಸದು. ಮೊದಲು ಎಡಗಾಲು ಜೋಮು ಹಿಡಿಯಿತು, ಬಿಡಲಿಲ್ಲ. ನಂತರ ಕಣ್ಣು: ಒಂದು ಎರಡಾಗಿ ಕಾಣತೊಡಗಿತು. ಸ್ಕ್ಯಾನ್ ಆಯಿತು, ಬೆನ್ನಿನಿಂದ ನೀರು ತೆಗೆದರು, ಕೊನೆಗೊಂದು ಹೆಸರು ಸಿಕ್ಕಿತು: ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಹಾಳುಮಾಡುತ್ತದೆ, ವೈರಿನ ಪ್ಲಾಸ್ಟಿಕ್ ಕಿತ್ತುಹೋದ ಹಾಗೆ ಎಂದು ಡಾಕ್ಟರು ವಿವರಿಸಿದರು. ಕಾಮಾಕ್ಷಿಪಾಳ್ಯದಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ ನನ್ನ ಗಂಡನಿಗೆ ಅದು ತಕ್ಷಣ ಅರ್ಥವಾಯಿತು.

“ಟೇಪ್ ಸುತ್ತೋಕಾಗಲ್ವಾ ಸಾರ್?”

“ಕಿತ್ತುಹೋಗಿರೋದಕ್ಕೆ ಏನೂ ಮಾಡಕ್ಕಾಗಲ್ಲ. ಮುಂದೆ ಕಿತ್ತುಹೋಗೋದನ್ನ ಕಮ್ಮಿ ಮಾಡಬಹುದು.”

ಅದಕ್ಕೆ ಎರಡು ಬಗೆಯ ಇಂಜೆಕ್ಷನ್ ಇದ್ದವು. ಒಂದು ವಾರಕ್ಕೊಮ್ಮೆ, ತೊಡೆಗೆ. ಚುಚ್ಚಿಸಿಕೊಂಡ ಮೇಲೆ ಜ್ವರ, ಮೈಕೈ ನೋವು. ಇನ್ನೊಂದು ದಿನವೂ, ಚರ್ಮದಡಿಗೆ. ಜ್ವರವಿಲ್ಲ, ಚುಚ್ಚಿದಲ್ಲೆಲ್ಲ ಗಂಟು. ಯೋಚಿಸಿಕೊಂಡು ಬನ್ನಿ ಎಂದರು. ನಾವು ಎದ್ದು ನಿಂತ ಮೇಲೆ ಡಾಕ್ಟರು ಮತ್ತೆ ಮಾತಾಡಿದರು.

“ಮಗು ಬೇಕು ಅಂತಿದ್ರೆ ಈಗ್ಲೇ ಹೇಳಿ. ಇಂಜೆಕ್ಷನ್ ತಗೊಳ್ಳುವಾಗ ಪ್ರೆಗ್ನೆಂಟ್ ಆಗಬಾರ್ದು. ಮೊದ್ಲು ಮಗು, ಆಮೇಲೆ ಇಂಜೆಕ್ಷನ್ ಅಂದ್ರೂ ಸರಿ. ಅಷ್ಟರೊಳಗೆ ಇನ್ನೊಂದು ಅಟ್ಯಾಕ್ ಬಂದ್ರೆ ಏನ್ ಹೋಗುತ್ತೋ, ಅದನ್ನ ನಾನು ಹೇಳಕ್ಕಾಗಲ್ಲ.”

ಮನೆಯಲ್ಲಿ ಚರ್ಚೆಯಾದದ್ದು ವಾರವೋ ದಿನವೋ ಎಂಬುದು ಮಾತ್ರ. ಮಗುವಿನ ವಿಷಯವನ್ನು ಗಂಡ ತಮ್ಮ ತಾಯಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

“ಹೂ ಕೇಳಿಬಿಡೋಣ,” ಎಂದರು ಅತ್ತೆ. ಬೀದಿ ಕೊನೆಯ ಅಮ್ಮನ ಗುಡಿಯಲ್ಲಿ ಆ ರೂಢಿಯಿತ್ತು. ದೇವಿಯ ಬಲಗಡೆಯಿಂದ ಹೂ ಬಿದ್ದರೆ ಒಂದು ಉತ್ತರ, ಎಡಗಡೆಯಿಂದ ಬಿದ್ದರೆ ಇನ್ನೊಂದು. ಮಂಗಳವಾರ ಹೋದೆವು. ಅತ್ತೆ ಕಣ್ಣುಮುಚ್ಚಿ ತಮ್ಮ ಪ್ರಶ್ನೆ ಕೇಳಿಕೊಂಡರು. ಪಕ್ಕದಲ್ಲಿ ನಿಂತು ನಾನು ನನ್ನದನ್ನು ಕೇಳಿಕೊಂಡೆ: ಬಲಕ್ಕೆ ಮಗು, ಎಡಕ್ಕೆ ಇಂಜೆಕ್ಷನ್. ನನಗೆ ದೇವರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಬೇರೆ ಯಾರನ್ನು ಕೇಳಬೇಕೋ ತಿಳಿದಿರಲಿಲ್ಲ.

ಎದುರಿಗೆ ಇಬ್ಬರು ದೇವಿಯರು. ಒಂದು ಕಣ್ಣು ಮುಚ್ಚಿದರೆ ಒಬ್ಬಳಾಗುತ್ತಿದ್ದಳು. ಅಂಗೈಯಿಂದ ಎಡಗಣ್ಣು ಮುಚ್ಚಿಕೊಳ್ಳುವಷ್ಟರಲ್ಲಿ ಹೂ ಬಿದ್ದಾಗಿತ್ತು.

“ಬಲಕ್ಕೆ ಕೊಟ್ಲು ತಾಯಿ!” ಎಂದರು ಅತ್ತೆ.

“ಪೂಜಾರಿ ಕೈ ತಗುಲ್ತು ಕಣಮ್ಮಾ,” ಎಂದರು ಗಂಡ.

“ಸುಮ್ನಿರೋ ನೀನು. ಅಲ್ಲಾ, ಬಲಕ್ಕೆ ಯಾವ್ದು ಅಂದ್ಕೊಂಡಿದ್ದೆ ನಾನು? ವಾರದ್ದೋ ದಿನದ್ದೋ?”

“ಸರಿಹೋಯ್ತು. ಈಗ ಆ ದೇವೀನೇ ಕೇಳು, ಅವಳಿಗೆ ಜ್ಞಾಪಕ ಇರುತ್ತೆ.”

ತಾಯಿ ಮಗ ಇಬ್ಬರೂ ನಕ್ಕರು. ನನ್ನ ಪ್ರಶ್ನೆಯ ಬಲ ಎಡ ನನಗೆ ಮರೆತಿರಲಿಲ್ಲ. ಹೂ ಬಿದ್ದದ್ದನ್ನು ನೋಡಿರಲಿಲ್ಲ, ಅಷ್ಟೆ. ಈಗ ನೆನೆದರೆ ಕೆಂಪು ದಾಸವಾಳವೊಂದು ನಿಧಾನವಾಗಿ ಬಲಕ್ಕೆ ಜಾರುವುದು ಸ್ಪಷ್ಟವಾಗಿ ಕಾಣುತ್ತದೆ. ಆ ಸ್ಪಷ್ಟತೆಯೇ ಸುಳ್ಳು. ಆಗ ನನಗೆ ಯಾವುದೂ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಗುಡಿಯಿಂದ ಸ್ವಲ್ಪ ದೂರ ಬಂದಿದ್ದೆವು. “ಚಪ್ಪಲಿ ಎಲ್ಲಮ್ಮಾ?” ಎಂದರು ಅತ್ತೆ. ಎಡಗಾಲು ಬರಿದಾಗಿತ್ತು. ಎಲ್ಲಿ ಕಳಚಿತೋ ಗೊತ್ತಾಗಿರಲಿಲ್ಲ. ಕಾದ ಟಾರಿನ ಮೇಲೆ ನಡೆದು ಬಂದಿದ್ದೆ, ಅದೂ ಗೊತ್ತಾಗಿರಲಿಲ್ಲ. ಗಂಡ ಹುಡುಕಿಕೊಂಡು ಹಿಂದೆ ಹೋದರು. ತೋಳಲ್ಲಿ ಕೂಸಿದ್ದು ಅದು ಜಾರಿದರೂ ಹೀಗೆಯೇ ಗೊತ್ತಾಗದೆ ಹೋದರೆ ಎಂಬ ಯೋಚನೆ ಅಲ್ಲಿ ಬಂತು. ಕಾಲಿಗೂ ತೋಳಿಗೂ ಸಂಬಂಧವಿರಲಿಲ್ಲ. ಆದರೂ ಬಂತು.

ಅತ್ತೆ ಸೊಪ್ಪಿನ ಗಾಡಿಯ ಬಳಿ ನಿಂತಿದ್ದರು. ಗಂಡ ಬಂದು ನಡುರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಚಪ್ಪಲಿ ತೊಡಿಸತೊಡಗಿದರು.

“ರೀ, ಇಂಜೆಕ್ಷನ್ ಶುರು ಮಾಡೋಣ. ವಾರದ್ದು.”

“ಮತ್ತೆ ಅದು?”

“ಆಮೇಲೆ ನೋಡೋಣ.”

ಅವರು ತಲೆಯೆತ್ತಲಿಲ್ಲ. ಚಪ್ಪಲಿಯ ಪಟ್ಟಿ ಹಾಕಲು ಅಷ್ಟು ಹೊತ್ತು ಬೇಕಿರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ನಾನು ಈಗಲೂ ನಡೆಯುತ್ತೇನೆ. ಇವೆರಡು ವಾಕ್ಯಗಳ ನಡುವೆ ‘ಆದ್ದರಿಂದ’ ಎಂದು ಬರೆಯಲು ನನಗೆ ಧೈರ್ಯವಿಲ್ಲ.

ಶನಿವಾರ ಇಂಜೆಕ್ಷನ್, ಭಾನುವಾರ ಜ್ವರ. ಅಂಥದೊಂದು ಭಾನುವಾರ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಕೇಳಿದ್ದು ಒಳಗೆ ಮಲಗಿದ್ದ ನನಗೆ ಕೇಳಿಸಿತು: “ಸೊಸೆ ಮಲಗೇ ಇರ್ತಾಳಲ್ಲ, ಏನಾದ್ರೂ ವಿಶೇಷನಾ?”

ಅತ್ತೆ ಒಳಗೆ ಬಂದರು. ಹಣೆಯ ಮೇಲಿನ ಒದ್ದೆ ಬಟ್ಟೆ ಸರಿಸಿ, ಬಗ್ಗಿ, ಮೆಲ್ಲಗೆ ಕೇಳಿದರು: “ಹೌದೇನಮ್ಮಾ?”

“ಇಲ್ಲ ಅತ್ತೆ. ಈ ಇಂಜೆಕ್ಷನ್ ಇರೋವರೆಗೂ ಆಗಬಾರ್ದಂತೆ.”

“ಎಲ್ಲೀವರ್ಗೂ ಇರುತ್ತೆ ಇದು?”

ಅವರು ಬಟ್ಟೆಯನ್ನು ಮತ್ತೆ ನೀರಲ್ಲಿ ಅದ್ದಿ, ಹಿಂಡಿ, ಹಣೆಗಿಟ್ಟು ಹೊರಗೆ ಹೋದರು.

“ಏನಿಲ್ಲ ಕಣ್ರೀ. ಬರೀ ಜ್ವರ.”

ಬಾಗಿಲು ಹಾಕಿದ ಸದ್ದು ಕೇಳಿತು. ಅವರು ಒಳಗೆ ಬರಲು ಬಹಳ ಹೊತ್ತಾಯಿತು.